ಹತ್ತು–ಹಚ್ಚು: ಗಡಿ ತಾಲ್ಲೂಕುಗಳ ಆಡುಮಾತಿನ ಸಂಯುಕ್ತ ಕ್ರಿಯೆಗಳು ಮತ್ತು ಇಂಗ್ಲಿಷಿನ ಪದಪುಂಜ ಕ್ರಿಯೆಗಳು

೧. ಪ್ರವೇಶ

ಕ್ರಿಯಾಪದವು ವಾಕ್ಯದ ಜೀವಾಳವೆಂಬುದು ಎಲ್ಲ ವೈಯಾಕರಣರೂ ಒಪ್ಪಿದ ಮಾತು. ಆದರೆ ಜನರ ದಿನನಿತ್ಯದ ಮಾತಿನಲ್ಲಿ ಕ್ರಿಯಾಪದವು ಒಂಟಿಯಾಗಿ ಬರುವ ಸಂದರ್ಭಗಳು ಕಡಿಮೆ. ಅದು ತನ್ನ ಜೊತೆಗೆ ಇನ್ನೊಂದು ಕ್ರಿಯೆಯನ್ನೋ, ಒಂದು ಅವ್ಯಯವನ್ನೋ, ಒಂದು ವಿಭಕ್ತಿ ಪ್ರತ್ಯಯವನ್ನೋ ಕೂಡಿಸಿಕೊಂಡು ಹೊಸ ಅರ್ಥವನ್ನು ತಾಳುತ್ತದೆ. ಇಂಗ್ಲಿಷಿನಲ್ಲಿ ಈ ಕೂಡಿಕೆಯನ್ನು ಫ್ರೇಸಲ್ ವರ್ಬ್ ಎಂದು ಕರೆಯುತ್ತಾರೆ. ಇದನ್ನು ಇಲ್ಲಿ ಪದಪುಂಜ ಕ್ರಿಯೆ ಎಂದು ಕರೆಯಲಾಗಿದೆ. ಕನ್ನಡದಲ್ಲಿ ಇದಕ್ಕೆ ಸಮೀಪವಾದುದು ಸಂಯುಕ್ತ ಕ್ರಿಯಾಪದ.

ಪ್ರಸ್ತುತ ಲೇಖನದ ವ್ಯಾಪ್ತಿ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಆಡುಮಾತು. ಈ ಭಾಗದ ಕನ್ನಡವನ್ನು ‘ಮರಾಠಿ ಬೆರೆತದ್ದು’, ‘ಶುದ್ಧವಲ್ಲದ್ದು’ ಎಂದು ಗುರುತಿಸುವ ರೂಢಿ ವಿದ್ಯಾವಂತರಲ್ಲಿದೆ. ಇಲ್ಲಿಯ ಸಂಯುಕ್ತ ಕ್ರಿಯೆಗಳನ್ನು ಬಿಡಿಸಿ ನೋಡಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಕೂಡಿಕೆಯ ಮಾದರಿಯನ್ನು ಕನ್ನಡ ಮತ್ತು ಮರಾಠಿಗಳು ಹಂಚಿಕೊಂಡಿವೆ; ಆದರೆ ಆ ಕೂಡಿಕೆಯ ಸಾಮಗ್ರಿ, ಅಂದರೆ ಧಾತು ಮತ್ತು ಪ್ರತ್ಯಯ, ಕನ್ನಡದ್ದೇ ಆಗಿದೆ. ಇದನ್ನು ‘ಹತ್ತು’ ಮತ್ತು ‘ಹಚ್ಚು’ ಎಂಬ ಎರಡು ಧಾತುಗಳನ್ನು ಮುಖ್ಯವಾಗಿಟ್ಟುಕೊಂಡು ವಿವರಿಸುವುದು, ಇಂಗ್ಲಿಷಿನ ಪದಪುಂಜ ಕ್ರಿಯೆಗಳೊಡನೆ ಹೋಲಿಸುವುದು ಹಾಗೂ ಜಾನಪದ ಸಂಗ್ರಹ, ನಿಘಂಟು ಮತ್ತು ಶಾಲಾ ಬೋಧನೆಗಳಿಗೆ ಇದರಿಂದ ಒದಗುವ ಸೂಚನೆಗಳನ್ನು ಮುಂದಿಡುವುದು ಈ ಲೇಖನದ ಉದ್ದೇಶ.

೨. ಇಂಗ್ಲಿಷಿನ ಪದಪುಂಜ ಕ್ರಿಯೆಯ ಸ್ವರೂಪ

ಇಂಗ್ಲಿಷಿನಲ್ಲಿ ‘ಪುಟ್’ ಎಂದರೆ ಇಡು. ‘ಪುಟ್ ಆನ್’ ಎಂದರೆ ತೊಡು. ‘ಪುಟ್ ಆಫ್’ ಎಂದರೆ ಮುಂದೂಡು. ‘ಪುಟ್ ಔಟ್’ ಎಂದರೆ ಆರಿಸು. ‘ಪುಟ್ ಅಪ್ ವಿತ್’ ಎಂದರೆ ತಾಳಿಕೊ. ಒಂದೇ ಧಾತು ಪುಟ್ಟ ಪುಟ್ಟ ಪದಗಳ ಸಹವಾಸದಿಂದ ನಾಲ್ಕು ದಿಕ್ಕಿಗೆ ಹೋಗಿದೆ. ಸಂಸ್ಕೃತದ ಉಪಸರ್ಗಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬಲ್ಲಿ ‘ಹೃ’ ಎಂಬ ಒಂದೇ ಧಾತು ಉಪಸರ್ಗಗಳ ಬಲದಿಂದ ಐದು ಅರ್ಥಗಳನ್ನು ಪಡೆದಿದೆ. ಸಂಸ್ಕೃತದಲ್ಲಿ ಉಪಸರ್ಗ ಧಾತುವಿನ ಮುಂದೆ ಬಂದು ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅವ್ಯಯ ಧಾತುವಿನ ನಂತರ ಬಿಡಿಯಾಗಿ ನಿಲ್ಲುತ್ತದೆ.

ಇಂಗ್ಲಿಷಿನ ಈ ಲಕ್ಷಣವನ್ನು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಗುರುತಿಸಿ, ಪರಭಾಷಿಕರಿಗೆ ಇದು ಬಹಳ ಕಷ್ಟವೆಂದು ಹೇಳಿದ್ದನು. ಫ್ರೇಸಲ್ ವರ್ಬ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ ಅವರ 1925ರ ಪುಸ್ತಕದಿಂದ. ಹಳೆಯ ಇಂಗ್ಲಿಷಿನಲ್ಲಿ ಇಂಥ ಅವ್ಯಯಗಳು ಬಹುಮಟ್ಟಿಗೆ ಧಾತುವಿನ ಮುಂದೆ ಬರುತ್ತಿದ್ದವು. ಅವು ಹಿಂದಕ್ಕೆ ಸರಿದು ಇಂದಿನ ರೂಪ ಬೆಳೆಯಲು ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ನುಡಿಯ ಸಂಪರ್ಕವೂ ನೆರವಾಯಿತೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಎರಡು ನುಡಿಗಳು ಒಂದೇ ಊರಿನಲ್ಲಿ ಬಾಳುವಾಗ ಕ್ರಿಯಾಪದದ ಕಟ್ಟಡ ಬದಲಾಗುವುದು ನಮ್ಮ ಗಡಿಯ ವಿಶೇಷವಷ್ಟೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಪದಪುಂಜ ಕ್ರಿಯೆಯಲ್ಲಿ ಎರಡು ಬಗೆಯ ಸಹಚರ ಪದಗಳಿವೆ. ‘ಅಪ್’, ‘ಆಫ್’, ‘ಔಟ್’ ಮುಂತಾದವು ಧಾತುವಿನೊಡನೆ ಕೂಡಿ ಅದರ ಅರ್ಥವನ್ನೇ ಬದಲಿಸುವ ಅವ್ಯಯಗಳು. ‘ವಿತ್’, ‘ಟು’, ‘ಫಾರ್’ ಮುಂತಾದವು ಮುಂದೆ ಬರುವ ನಾಮಪದವನ್ನು ಕ್ರಿಯೆಗೆ ಜೋಡಿಸುವ ಪ್ರಿಪೊಸಿಷನ್‌ಗಳು. ‘ಗೆಟ್ ಅಲಾಂಗ್ ವಿತ್’ ಎಂಬಲ್ಲಿ ಎರಡೂ ಸೇರಿವೆ. ಕನ್ನಡದಲ್ಲಿ ಮೊದಲನೆಯ ಕೆಲಸವನ್ನು ಸಹಾಯಕ ಕ್ರಿಯೆಯೂ ಎರಡನೆಯ ಕೆಲಸವನ್ನು ವಿಭಕ್ತಿ ಪ್ರತ್ಯಯವೂ ನಿರ್ವಹಿಸುತ್ತವೆ. ಇದು ಮುಂದಿನ ವಿವೇಚನೆಗೆ ಆಧಾರ.

೩. ಪ್ರದೇಶದ ಹಿನ್ನೆಲೆ

ಈ ಐದು ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಪ್ರದೇಶ. ರಾಯಬಾಗ 1949ರಲ್ಲಿ ಕೊಲ್ಹಾಪುರ ಸಂಸ್ಥಾನ ವಿಲೀನವಾಗುವವರೆಗೆ ಆ ಸಂಸ್ಥಾನದ ಭಾಗವಾಗಿತ್ತು. ನಿಪ್ಪಾಣಿ ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿಯೂ ಕಾಗವಾಡ ಅಥಣಿ ತಾಲ್ಲೂಕಿನಲ್ಲಿಯೂ ಇದ್ದು, ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದವು. ನಿಪ್ಪಾಣಿಯ ತಂಬಾಕಿನ ವ್ಯಾಪಾರ, ಉಗಾರದ ಸಕ್ಕರೆ ಕಾರ್ಖಾನೆ, ಅಥಣಿಯ ಚರ್ಮದ ಚಪ್ಪಲಿಯ ಕಸುಬು, ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆ ಇವೆಲ್ಲ ರಾಜ್ಯದ ಗಡಿಯನ್ನು ಲೆಕ್ಕಿಸದೆ ಜನರನ್ನು ಒಂದುಗೂಡಿಸುತ್ತ ಬಂದಿವೆ. ಕಾಗವಾಡದಿಂದ ಮಿರಜ, ನಿಪ್ಪಾಣಿಯಿಂದ ಕೊಲ್ಹಾಪುರ ದಿನದ ಸಂತೆ, ವ್ಯವಹಾರ, ಆಸ್ಪತ್ರೆಗೆ ಹೋಗಿಬರುವ ಅಂತರದಲ್ಲಿವೆ. ಇಂಥಲ್ಲಿ ಎರಡು ನುಡಿಗಳನ್ನು ಆಡುವುದು ಬದುಕಿನ ಸಹಜ ಸ್ಥಿತಿ.

೪. ‘ಹತ್ತು’ವಿನ ಸಂಸಾರ

‘ಹತ್ತು’ ಹಳಗನ್ನಡದ ‘ಪತ್ತು’ ಧಾತುವಿನ ರೂಪ. ಅಂಟು, ಹಿಡಿ, ಸೇರು ಎಂಬುವು ಅದರ ಮೂಲಾರ್ಥಗಳು. ದಕ್ಷಿಣದ ಕನ್ನಡದಲ್ಲಿ ಇಂದು ‘ಹತ್ತು’ ಎಂದೊಡನೆ ಮೊದಲು ಹೊಳೆಯುವುದು ಮೇಲೇರುವ ಅರ್ಥ. ಈ ತಾಲ್ಲೂಕುಗಳಲ್ಲಾದರೋ ಅಂಟುವ, ತಗಲುವ ಅರ್ಥವೇ ನೂರು ಕವಲುಗಳಾಗಿ ಹಬ್ಬಿದೆ.

‘ಬೆಂಕಿ ಹತ್ತೇತಿ’ ಎಂದರೆ ಬೆಂಕಿ ಹೊತ್ತಿಕೊಂಡಿದೆ. ‘ಮಳಿ ಹತ್ತೇತಿ’ ಎಂದರೆ ಮಳೆ ಬಿಡದೆ ಹಿಡಿದಿದೆ. ‘ಎಷ್ಟ ರೊಕ್ಕ ಹತ್ತತೈತಿ?’ ಎಂದರೆ ಎಷ್ಟು ಹಣ ಬೇಕಾಗುತ್ತದೆ. ‘ಬೆನ್ನ ಹತ್ಯಾನ’ ಎಂದರೆ ಹಿಂಬಾಲಿಸಿದ್ದಾನೆ, ಬಿಡದೆ ಕಾಡುತ್ತಿದ್ದಾನೆ. ‘ಫೋನ್ ಹತ್ತವಲ್ದು’ ಎಂದರೆ ಕರೆ ಸೇರುತ್ತಿಲ್ಲ. ‘ಕೂಸು ಅಳಾಕ ಹತ್ತಿತು’ ಎಂದರೆ ಮಗು ಅಳತೊಡಗಿತು.

ಇದೇ ಮಾತುಗಳನ್ನು ನೆರೆಯ ಮರಾಠಿಯಲ್ಲಿ ‘ಲಾಗಣೇ’ ಧಾತು ನಿರ್ವಹಿಸುತ್ತದೆ: ‘ಆಗ ಲಾಗಲೀ’, ‘ಕಿತೀ ಪೈಸೇ ಲಾಗತಾತ?’, ‘ಪಾಠೀ ಲಾಗಲಾ’, ‘ಫೋನ್ ಲಾಗತ ನಾಹೀ’, ‘ರಡಾಯಲಾ ಲಾಗಲಾ’. ‘ಲಾಗಣೇ’ ಸಂಸ್ಕೃತದ ‘ಲಗ್’ ಧಾತುವಿನಿಂದ ಬಂದದ್ದು. ‘ಹತ್ತು’ ದ್ರಾವಿಡ ಮೂಲದ್ದು. ಎರಡಕ್ಕೂ ಅಂಟು ಎಂಬುದೇ ಮೂಲಾರ್ಥ. ಬೇರುಗಳು ಬೇರೆಯಾಗಿದ್ದೂ ಹಬ್ಬುಗೆ ಒಂದೇ ಬಗೆಯದಾಗಿದೆ. ಇಲ್ಲಿ ಮರಾಠಿಯ ಪದವನ್ನು ಕನ್ನಡ ಎರವಲು ಪಡೆದಿಲ್ಲವೆಂಬುದನ್ನು ಗಮನಿಸಬೇಕು. ಕನ್ನಡದ ಧಾತು ಕನ್ನಡದ ಪ್ರತ್ಯಯಗಳೊಡನೆಯೇ ದುಡಿಯುತ್ತಿದೆ.

೫. ‘ಹಚ್ಚು’ ಮತ್ತು ದುಡಿಮೆಯ ನುಡಿ

‘ಹತ್ತು’ ತಾನಾಗಿ ಆಗುವುದನ್ನು ಹೇಳಿದರೆ, ‘ಹಚ್ಚು’ ಒಬ್ಬನು ಮಾಡುವುದನ್ನು ಹೇಳುತ್ತದೆ. ಮರಾಠಿಯ ‘ಲಾಗಣೇ–ಲಾವಣೇ’ ಜೋಡಿಯೂ ಹೀಗೆಯೇ ಇದೆ. ದೀಪ ಹತ್ತುತ್ತದೆ, ದೀಪ ಹಚ್ಚುತ್ತಾರೆ. ಫೋನ್ ಹತ್ತುತ್ತದೆ, ಫೋನ್ ಹಚ್ಚುತ್ತಾರೆ.

ಈ ಭಾಗದ ದುಡಿಮೆಯೆಲ್ಲ ‘ಹಚ್ಚು’ವಿನಲ್ಲಿ ಅಡಗಿದೆ ಎನ್ನಬಹುದು. ರೈತನು ಹೊಲದಲ್ಲಿ ಕಬ್ಬು ಹಚ್ಚುತ್ತಾನೆ, ತಂಬಾಕು ಹಚ್ಚುತ್ತಾನೆ. ಕಬ್ಬಿನ ಗಾಡಿಯವನು ಕಾರ್ಖಾನೆಯ ಮುಂದೆ ಪಾಳಿ ಹಚ್ಚುತ್ತಾನೆ. ವ್ಯಾಪಾರಿ ರೇಟು ಹಚ್ಚುತ್ತಾನೆ. ಚಿಂಚಲಿಗೆ ಹೋದ ಭಕ್ತರು ಹಣೆಗೆ ಭಂಡಾರ ಹಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ಫ್ಯಾನು, ಟಿವಿ ಹಚ್ಚುತ್ತಾರೆ. ಅಂಗಳದಲ್ಲಿ ಮೋಟಾರು ಸೈಕಲ್ಲು ಹಚ್ಚುತ್ತಾರೆ. ಇವನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ‘ಲೈನ್ ಅಪ್’, ‘ಪುಟ್ ಆನ್’, ‘ಸ್ವಿಚ್ ಆನ್’, ‘ರಿಂಗ್ ಅಪ್’ ಎಂದು ಬೇರೆಬೇರೆ ಪದಪುಂಜಗಳು ಬೇಕಾಗುತ್ತವೆ. ಇಂಗ್ಲಿಷಿನ ‘ಪುಟ್’, ‘ಸೆಟ್’, ‘ಗೆಟ್’ಗಳಂತೆ ‘ಹಚ್ಚು’ ಕೂಡ ಬಹುಕಾರ್ಯದ ಧಾತು. ಅದರ ನಿಖರವಾದ ಅರ್ಥ ತಿಳಿಯುವುದು ಜೊತೆಯ ಪದಗಳಿಂದ.

ಕ್ರಿಯೆಯ ಭಾವರೂಪದೊಡನೆ ಸೇರಿದಾಗ ‘ಹಚ್ಚು’ ಪ್ರೇರಣಾರ್ಥವನ್ನೂ ಕೊಡುತ್ತದೆ. ‘ಅವ್ವ ಮಗನ್ನ ಓದಾಕ ಹಚ್ಚಿದಳು’ ಎಂದರೆ ಓದುವಂತೆ ಮಾಡಿದಳು. ಮರಾಠಿಯ ‘ವಾಚಾಯಲಾ ಲಾವಲೇ’ ಎಂಬುದು ಇದಕ್ಕೆ ಸರಿಸಮನಾದ ಪ್ರಯೋಗ. ಆದರೆ ಎರಡು ನುಡಿಗಳೂ ಎಲ್ಲೆಡೆ ಒಂದರ ಪಡಿಯಚ್ಚು ಇನ್ನೊಂದಲ್ಲ. ಮಗುವನ್ನು ಶಾಲೆಗೆ ಸೇರಿಸುವುದನ್ನು ಇಲ್ಲಿಯ ಕನ್ನಡ ‘ಸಾಲಿಗೆ ಹಚ್ಚು’ ಎಂದರೆ, ಮರಾಠಿ ಸಾಮಾನ್ಯವಾಗಿ ‘ಶಾಳೇತ ಘಾಲಣೇ’ ಎನ್ನುತ್ತದೆ. ಧಾತುವೂ ಬೇರೆ, ವಿಭಕ್ತಿಯೂ ಬೇರೆ. ಹೀಗಾಗಿ ಗಡಿಯ ಕನ್ನಡವು ಮರಾಠಿಯ ಯಾಂತ್ರಿಕ ಅನುವಾದವೆಂಬ ತೀರ್ಮಾನಕ್ಕೆ ಆಸ್ಪದವಿಲ್ಲ.

೬. ವಿಭಕ್ತಿಯ ಪಾತ್ರ

ಇಂಗ್ಲಿಷ್ ಕಲಿಯುವವರಿಗೆ ‘ಟೇಕ್ ಆನ್’ ಮತ್ತು ‘ಟೇಕ್ ಟು’ಗಳ ವ್ಯತ್ಯಾಸ ತೊಡಕೆನಿಸುತ್ತದೆ. ಮೊದಲನೆಯದು ಹೊಣೆಯನ್ನು ಹೊತ್ತುಕೊಳ್ಳುವುದು, ಎರಡನೆಯದು ಒಂದಕ್ಕೆ ಒಗ್ಗಿಹೋಗುವುದು. ಸಹಚರ ಪದವೊಂದು ಬದಲಾದರೆ ಅರ್ಥವೇ ಬದಲಾಗುತ್ತದೆ. ಇದೇ ಸೂಕ್ಷ್ಮವನ್ನು ಈ ಭಾಗದ ಜನ ವಿಭಕ್ತಿಯ ಮೂಲಕ ನಿತ್ಯ ನಿಭಾಯಿಸುತ್ತಾರೆ.

‘ಅವಗ ನೌಕರಿ ಹತ್ತೇತಿ’ ಮತ್ತು ‘ಅವ ನೌಕರಿಗೆ ಹತ್ಯಾನ’ ಎಂಬ ಎರಡು ವಾಕ್ಯಗಳನ್ನು ನೋಡಬಹುದು. ಮೊದಲ ವಾಕ್ಯದಲ್ಲಿ ನೌಕರಿ ಕರ್ತೃ; ವ್ಯಕ್ತಿ ಚತುರ್ಥಿಯಲ್ಲಿದ್ದಾನೆ. ಅವನಿಗೆ ನೌಕರಿ ದೊರೆಯಿತು ಎಂಬುದು ಅರ್ಥ. ಎರಡನೆಯದರಲ್ಲಿ ವ್ಯಕ್ತಿ ಕರ್ತೃ, ನೌಕರಿ ಚತುರ್ಥಿಯಲ್ಲಿದೆ. ಅವನು ಕೆಲಸದಲ್ಲಿ ತೊಡಗಿದ ಎಂಬುದು ಅರ್ಥ. ಮರಾಠಿಯ ‘ತ್ಯಾಲಾ ನೋಕರೀ ಲಾಗಲೀ’, ‘ತೋ ನೋಕರೀಲಾ ಲಾಗಲಾ’ ಎಂಬ ಜೋಡಿಯಲ್ಲಿ ಇದೇ ವ್ಯವಸ್ಥೆಯಿದೆ. ಕನ್ನಡದ ‘ಗೆ’, ‘ಕ್ಕ’ ಪ್ರತ್ಯಯಗಳು ಮರಾಠಿಯ ‘ಲಾ’ ಪ್ರತ್ಯಯಕ್ಕೆ ಸಮನಾಗಿ ನಿಂತಿವೆ. ‘ಮನಸ ಹತ್ತವಲ್ದು’ ಎಂದರೆ ಮನಸ್ಸು ತೊಡಗುತ್ತಿಲ್ಲ; ‘ಮಾತು ಮನಸಿಗೆ ಹತ್ತಿತು’ ಎಂದರೆ ಮಾತು ನಾಟಿ ನೋಯಿಸಿತು. ಒಂದು ‘ಗೆ’ ಪ್ರತ್ಯಯ ಆಸಕ್ತಿಯನ್ನು ನೋವಾಗಿ ಬದಲಿಸಿದೆ.

ವಿಭಕ್ತಿ, ಧಾತು ಮತ್ತು ಸಹಾಯಕ ಕ್ರಿಯೆ ಮೂರೂ ಕೂಡಿದ ಪ್ರಯೋಗಗಳೂ ಇವೆ. ‘ಮನಸಿಗೆ ಹಚ್ಚಿಕೋಬ್ಯಾಡ’ ಎಂಬುದು ನೊಂದವರನ್ನು ಸಂತೈಸುವ ಮಾತು. ಮರಾಠಿಯಲ್ಲಿ ಇದು ‘ಮನಾಲಾ ಲಾವೂನ ಘೇಊ ನಕೋಸ’. ‘ಅತ್ತಿ ಕೂಡ ಹೊಂದಕೊಂಡ ಹೋಗು’ ಎಂದು ತಾಯಿ ಮಗಳಿಗೆ ಹೇಳುವ ಮಾತಿನಲ್ಲಿ ‘ಗೆಟ್ ಅಲಾಂಗ್ ವಿತ್’ ಎಂಬ ಇಂಗ್ಲಿಷ್ ಪದಪುಂಜದ ಮೂರು ಅಂಗಗಳಿಗೂ ಸಾಟಿಯಿದೆ: ‘ಹೊಂದು’ ಮೂಲ ಕ್ರಿಯೆ, ‘ಕೊಂಡು ಹೋಗು’ ಮುಂದುವರಿಕೆಯನ್ನು ಹೇಳುವ ಸಹಾಯಕ, ‘ಕೂಡ’ ನಾಮಪದವನ್ನು ಜೋಡಿಸುವ ಪದ. ಕ್ರಮ ಮಾತ್ರ ತಿರುವುಮುರುವು. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು, ನಾಮಪದ ಕೊನೆಗೆ. ಕನ್ನಡದಲ್ಲಿ ನಾಮಪದ ಮೊದಲು, ಕ್ರಿಯೆ ಕೊನೆಗೆ.

೭. ಸಹಾಯಕ ಕ್ರಿಯೆಗಳು: ಯಾರು ಏನನ್ನು ಹೇಳುತ್ತಾರೆ?

ಇಂಗ್ಲಿಷಿನ ‘ಅಪ್’ ಅವ್ಯಯವು ಅನೇಕ ಕಡೆ ‘ಮೇಲೆ’ ಎಂಬ ಅರ್ಥವನ್ನು ತೊರೆದು ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತದೆ. ‘ಈಟ್ ಅಪ್’ ಎಂದರೆ ತಿಂದುಬಿಡು. ‘ಡ್ರೈ ಅಪ್’ ಎಂದರೆ ಒಣಗಿಹೋಗು. ‘ಬರ್ನ್ ಅಪ್’ ಎಂದರೆ ಸುಟ್ಟುಹಾಕು ಅಥವಾ ಸುಟ್ಟುಹೋಗು. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಯೆಯನ್ನು ಒಬ್ಬನು ಮಾಡಿದನೋ ಅದು ತಾನಾಗಿ ಆಯಿತೋ ಎಂಬುದನ್ನು ಸಹಾಯಕ ಕ್ರಿಯೆಯಿಂದಲೇ ತಿಳಿಸುತ್ತದೆ. ‘ಹಾಕು’ ಎಂದರೆ ಮಾಡಿದವನಿದ್ದಾನೆ. ‘ಹೋಗು’ ಎಂದರೆ ಆದದ್ದು ತಾನಾಗಿ.

‘ಬರದ ಕೊಡು’ ಮತ್ತು ‘ಬರಕೋ’ ಎಂಬಲ್ಲಿ ಬರೆಯುವುದು ಯಾರಿಗಾಗಿ ಎಂಬುದು ಸ್ಪಷ್ಟ. ಮರಾಠಿಯ ‘ಲಿಹೂನ ದೇ’, ‘ಲಿಹೂನ ಘೇ’ಗಳೂ ಹೀಗೆಯೇ. ಇಂಗ್ಲಿಷಿನ ‘ರೈಟ್ ಡೌನ್’ ಈ ಭೇದವನ್ನು ಹೇಳದು. ಪ್ರತಿಯಾಗಿ ‘ಕಟ್ ಡೌನ್’, ‘ಕಟ್ ಆಫ್’, ‘ಕಟ್ ಅಪ್’ ಎಂದು ಇಂಗ್ಲಿಷ್ ಅವ್ಯಯದಿಂದ ತಿಳಿಸುವುದನ್ನು ಕನ್ನಡ ಕಡಿದು ಕೆಡವು, ಕಡಿದು ತೆಗೆ, ಕಡಿದು ತುಂಡುಮಾಡು ಎಂದು ಎರಡನೆಯ ಕ್ರಿಯೆಯಿಂದ ತಿಳಿಸಬೇಕಾಗುತ್ತದೆ.

ಸಹಾಯಕ ಕ್ರಿಯೆಯಲ್ಲಿ ಆಡುವವನ ಮನೋಭಾವವೂ ಅಡಗಿರುತ್ತದೆ. ‘ಸಾಲ ಮಾಡಿ ಕುಂತಾನ’ ಎಂಬಲ್ಲಿ ‘ಕುಂತಾನ’ ಎಂಬುದಕ್ಕೆ ಕುಳಿತಿರುವ ಭಂಗಿಯ ಅರ್ಥವಿಲ್ಲ; ಮಾಡಬಾರದ್ದನ್ನು ಮಾಡಿಕೊಂಡ ಎಂಬ ವಿಷಾದವಿದೆ. ಮರಾಠಿಯ ‘ಕರೂನ ಬಸಲಾ’ ಎಂಬುದೂ ಇದೇ ವಿಷಾದವನ್ನು ಸೂಚಿಸುತ್ತದೆ.

೮. ಕೊಡುಕೊಳೆಯ ದಾರಿ

ಕಾಗವಾಡಕ್ಕೆ ಹತ್ತಿರದಲ್ಲಿ, ಗಡಿಯ ಆಚೆ, ಸಾಂಗಲಿ ಜಿಲ್ಲೆಯ ಕುಪವಾಡವಿದೆ. 1998ರಿಂದ ಅದು ಸಾಂಗಲಿ–ಮಿರಜ–ಕುಪವಾಡ ಮಹಾನಗರಪಾಲಿಕೆಯ ಭಾಗ. ಅದು ಹಳ್ಳಿಯಾಗಿದ್ದ ಕಾಲದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳನ್ನು ಅಭ್ಯಸಿಸಿ 1971ರಲ್ಲಿ ಪ್ರಕಟಿಸಿದ ಪ್ರಬಂಧ ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಅಲ್ಲಿಯ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ. ಆ ಊರಿನ ಮೂರೂ ನುಡಿಗಳ ವಾಕ್ಯರಚನೆ ಎಷ್ಟು ಸಮೀಪಿಸಿದೆಯೆಂದರೆ, ಒಂದರ ವಾಕ್ಯವನ್ನು ಅಂಗ ಅಂಗವಾಗಿ ಇನ್ನೊಂದಕ್ಕೆ ಹೊಂದಿಸಬಹುದು ಎಂಬುದು ಅವರ ಶೋಧ. ಆದರೂ ಪ್ರತಿ ಸಮುದಾಯವೂ ತನ್ನ ಪದಗಳನ್ನು ಬಿಟ್ಟುಕೊಟ್ಟಿಲ್ಲ. ಮನೆಮಾತು ಸಮುದಾಯದ ಗುರುತಾಗಿರುವುದರಿಂದ ಪದಗಳು ಬೇರೆಯಾಗಿ ಉಳಿದವು. ಊರಿನ ವ್ಯವಹಾರ ಒಂದೇ ಆದ್ದರಿಂದ ರಚನೆ ಒಂದಾಯಿತು. ‘ಹತ್ತು–ಲಾಗಣೇ’ ಜೋಡಿ ಈ ತತ್ತ್ವಕ್ಕೆ ಉತ್ತಮ ನಿದರ್ಶನ.

ಪ್ರಭಾವ ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತು ಎಂಬ ಪ್ರಶ್ನೆ ಸಹಜ. ಕ್ರಿಯೆಯ ಆರಂಭವನ್ನು ‘ಲಗ್’ ಧಾತುವಿನಿಂದ ಸೂಚಿಸುವುದು ಹಿಂದಿಯಲ್ಲಿಯೂ ಇರುವುದರಿಂದ ಹಾಗೂ ದಕ್ಷಿಣದ ಕನ್ನಡದಲ್ಲಿ ಆ ಕೆಲಸಕ್ಕೆ ‘ತೊಡಗು’ ಇರುವುದರಿಂದ, ‘ಅಳಾಕ ಹತ್ತು’ ಎಂಬ ಪ್ರಯೋಗ ಬಲಗೊಳ್ಳಲು ಮರಾಠಿಯ ಸಂಪರ್ಕ ಕಾರಣವಾಗಿರಬಹುದು. ಇನ್ನೊಂದು ಕಡೆ, ಹಿಂದಿಯು ಸಂಯುಕ್ತ ಕ್ರಿಯೆಯಲ್ಲಿ ‘ಕರ್ ಡಾಲ್’ ಎಂದು ಬರಿಯ ಧಾತುವನ್ನು ಬಳಸಿದರೆ, ಮರಾಠಿ ‘ಕರೂನ ಟಾಕ್’ ಎಂದು ಕೃದಂತವನ್ನು ಬಳಸುತ್ತದೆ. ಇದು ಕನ್ನಡದ ‘ಮಾಡಿ ಬಿಡು’ ರಚನೆಗೆ ಹತ್ತಿರ. ಮರಾಠಿಯ ಮೇಲಿನ ದ್ರಾವಿಡ ಪ್ರಭಾವವನ್ನು ಫ್ರಾಂಕ್ಲಿನ್ ಸೌತ್‌ವರ್ತ್ 1971ರಲ್ಲಿ ಚರ್ಚಿಸಿದ್ದಾರೆ. ಎಮಿನೋ ಅವರು 1956ರಲ್ಲಿ ಭಾರತವನ್ನು ಒಂದು ಭಾಷಿಕ ವಲಯವೆಂದು ಪ್ರತಿಪಾದಿಸಿದರು. ಮಸಿಕಾ ಅವರು 1976ರಲ್ಲಿ ಸಂಯುಕ್ತ ಕ್ರಿಯೆಯನ್ನು ಆ ವಲಯದ ಲಕ್ಷಣಗಳಲ್ಲಿ ಒಂದೆಂದು ಪರಿಶೀಲಿಸಿದರು. ಆದ್ದರಿಂದ ಈ ಕೊಡುಕೊಳೆ ಎರಡೂ ದಿಕ್ಕಿನದು ಎನ್ನುವುದೇ ಯುಕ್ತ.

ಇಂಗ್ಲಿಷಿನೊಡನೆ ನಡೆದ ವ್ಯವಹಾರ ಇನ್ನೊಂದು ಬಗೆಯದು. ‘ಲೈಟ್ ಆನ್ ಮಾಡು’, ‘ಆಫ್ ಮಾಡು’ ಎನ್ನುವಾಗ ಕನ್ನಡವು ‘ಸ್ವಿಚ್ ಆನ್’ ಎಂಬ ಪದಪುಂಜದ ಕ್ರಿಯೆಯನ್ನು ಬಿಟ್ಟು ಅವ್ಯಯವನ್ನು ಮಾತ್ರ ಎತ್ತಿಕೊಂಡಿದೆ. ಕಾಲ, ಲಿಂಗ, ವಚನಗಳನ್ನು ಹೊರುವ ಕ್ರಿಯೆ ‘ಮಾಡು’ ಎಂಬ ಕನ್ನಡದ್ದೇ ಆಗಿದೆ. ‘ಹಚ್ಚು’ ಮತ್ತು ‘ಆನ್ ಮಾಡು’ ಇಂದು ಒಂದೇ ಮನೆಯಲ್ಲಿ ಕೇಳಿಬರುತ್ತವೆ. ‘ಆನ್ ಮಾಡು’ ಹರಡಿದಂತೆಲ್ಲ ‘ಹಚ್ಚು’ವಿನ ಬಳಕೆಯ ಒಂದು ಮುಖ್ಯ ಕ್ಷೇತ್ರ ಕುಗ್ಗುತ್ತದೆ.

೯. ಸಂಗ್ರಹ, ನಿಘಂಟು ಮತ್ತು ತರಗತಿ

ಜಾನಪದ ಸಂಗ್ರಾಹಕರಿಗೆ ಈ ವಿಷಯ ಕೇವಲ ವ್ಯಾಕರಣದ ಕುತೂಹಲವಲ್ಲ. ಮೌಖಿಕ ಪಠ್ಯವನ್ನು ಬರಹಕ್ಕಿಳಿಸುವಾಗ ‘ಅಳಾಕ ಹತ್ತಿದಳು’ ಎಂಬುದನ್ನು ‘ಅಳತೊಡಗಿದಳು’ ಎಂದೂ ‘ಹಾದಿಗೆ ಹಚ್ಚಿದರು’ ಎಂಬುದನ್ನು ‘ಬೀಳ್ಕೊಟ್ಟರು’ ಎಂದೂ ತಿದ್ದುವ ಪ್ರವೃತ್ತಿಯಿದೆ. ಇದರಿಂದ ಆಗುವ ಹಾನಿ ಎರಡು ಬಗೆಯದು. ಬೀಸುವ ಹಾಡಿನ ತ್ರಿಪದಿ ಅಂಶಗಣದ ಲಯದಲ್ಲಿ ನಡೆಯುವುದರಿಂದ ಕ್ರಿಯೆಯೊಂದು ಬದಲಾದರೆ ಗಣ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ ಅರ್ಥ ಕುಗ್ಗುತ್ತದೆ. ‘ಹಾದಿಗೆ ಹಚ್ಚು’ ಎಂಬಲ್ಲಿ ಹೋಗುವವರನ್ನು ದಾರಿಯವರೆಗೆ ನಡೆಸಿ, ದಾರಿ ತೋರಿ, ಕಳಿಸಿಕೊಡುವ ಹೊಣೆಗಾರಿಕೆಯಿದೆ, ‘ಬೀಳ್ಕೊಡು’ವಿನಲ್ಲಿ ಅದಿಲ್ಲ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಕಲನದಲ್ಲಿ ಪ್ರಾದೇಶಿಕ ನುಡಿರೂಪಗಳಿಗೆ ತೋರಿದ ಗೌರವ ನಮ್ಮ ಮುಂದೆ ಮಾದರಿಯಾಗಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ಅದು ಮುಖ್ಯವಾಗಿ ಶಾಸನ ಮತ್ತು ಗ್ರಂಥಗಳನ್ನು ಆಧರಿಸಿದ ಮಹತ್ಕಾರ್ಯ. ಆಡುಮಾತಿನ ಸಂಯುಕ್ತ ಕ್ರಿಯೆಗಳಿಗೆ ಅದರ ಜೊತೆಗೆ ನಿಲ್ಲುವ ಪ್ರತ್ಯೇಕ ಕೋಶವೊಂದು ಬೇಕು. ಅಂಥ ಕೋಶದಲ್ಲಿ ‘ಹತ್ತು’ ಎಂಬ ಧಾತುವೊಂದನ್ನೇ ಕೊಟ್ಟರೆ ಸಾಲದು. ‘ನೌಕರಿ ಹತ್ತು’, ‘ನೌಕರಿಗೆ ಹತ್ತು’ ಎಂದು ವಿಭಕ್ತಿಸಹಿತವಾಗಿ ಬೇರೆಬೇರೆ ಉಲ್ಲೇಖಗಳಿರಬೇಕು. ಇಂಗ್ಲಿಷಿನ ಫ್ರೇಸಲ್ ವರ್ಬ್ ಕೋಶಗಳು ಅನುಸರಿಸುವ ಕ್ರಮವೂ ಇದೇ.

ಮೂರನೆಯದು ತರಗತಿ. ಈ ಭಾಗದ ವಿದ್ಯ಺ರ್ಥಿಗಳು ಪದಪುಂಜ ಕ್ರಿಯೆಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಎದುರಿಗೆ ‘ಸಹಿಸು’, ‘ಮುಂದೂಡು’ ಎಂಬ ಗ್ರಂಥಸ್ಥ ಅರ್ಥಗಳಿರುತ್ತವೆ. ಅದೇ ವಿದ್ಯಾರ್ಥಿ ‘ಲೈಟ್ ಹಚ್ಚು’ ಎಂದರೆ ಅದು ತಪ್ಪೆಂದು ತಿದ್ದಲಾಗುತ್ತದೆ. ಒಂದು ಧಾತುವು ಸಹಚರ ಪದದಿಂದ ಹೇಗೆ ಅರ್ಥ ಬದಲಿಸುತ್ತದೆ ಎಂಬ ಜ್ಞಾನ ಆ ಮಗುವಿಗೆ ಮನೆಯಿಂದಲೇ ಬಂದಿದೆ. ‘ನೌಕರಿ ಹತ್ತು’, ‘ನೌಕರಿಗೆ ಹತ್ತು’ಗಳ ಭೇದವನ್ನು ಬಲ್ಲವನಿಗೆ ‘ಟೇಕ್ ಆನ್’, ‘ಟೇಕ್ ಟು’ಗಳ ಭೇದವನ್ನು ಅಲ್ಲಿಂದಲೇ ವಿವರಿಸಬಹುದು. ಮನೆಯ ಮಾತನ್ನು ಮೊದಲು ತಪ್ಪೆಂದು ಹೇಳಿದರೆ ಈ ದಾರಿ ಮುಚ್ಚಿಹೋಗುತ್ತದೆ.

೧೦. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಇಂಗ್ಲಿಷಿನಲ್ಲಿ ಅವ್ಯಯ ಮತ್ತು ಪ್ರಿಪೊಸಿಷನ್‌ಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಸಹಾಯಕ ಕ್ರಿಯೆ ಮತ್ತು ವಿಭಕ್ತಿಗಳು ಮಾಡುತ್ತವೆ. ಗಡಿಯ ಕನ್ನಡ ಮತ್ತು ಮರಾಠಿಗಳು ಕೂಡಿಕೆಯ ಮಾದರಿಯನ್ನು ಹಂಚಿಕೊಂಡರೂ ಧಾತು, ಪ್ರತ್ಯಯಗಳನ್ನು ತಮ್ಮತಮ್ಮದಾಗಿಯೇ ಉಳಿಸಿಕೊಂಡಿವೆ. ಆದ್ದರಿಂದ ಈ ನುಡಿಯನ್ನು ಕಲಬೆರಕೆಯೆನ್ನುವುದು ಭಾಷಾಶಾಸ್ತ್ರದ ದೃಷ್ಟಿಯಿಂದ ಸಾಧುವಲ್ಲ.

ಗಡಿಯ ಪ್ರಶ್ನೆಯನ್ನು ಪರಿಶೀಲಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ನೀಡಿತು. 2004ರಲ್ಲಿ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. ಇಂಥ ವಿಚಾರಣೆಗಳಲ್ಲಿ ಪ್ರತಿಯೊಬ್ಬನಿಗೂ ಒಂದೇ ಮಾತೃಭಾಷೆ ಎಂದು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕದೊಳಗೆ ಸೇರದ ಸಂಗತಿಗಳನ್ನು ದಾಖಲಿಸುವುದು ಜಾನಪದ ವಿದ್ವಾಂಸರ ಹೊಣೆ. ತಂಬಾಕಿನ ಹೊಲ, ಕಬ್ಬಿನ ಪಾಳಿ, ಚಿಂಚಲಿಯ ಜಾತ್ರೆಗಳಲ್ಲಿ ಇನ್ನೂ ಆಡಲಾಗುತ್ತಿರುವ ಈ ಕ್ರಿಯೆಗಳನ್ನು ಬಿಡಿಧಾತುಗಳಾಗಿ ಅಲ್ಲದೆ ಪೂರ್ಣ ವಾಕ್ಯಗಳಾಗಿ, ವಿಭಕ್ತಿ ಸಹಿತವಾಗಿ, ಆಡಿದ ಸಂದರ್ಭದೊಡನೆ ಧ್ವನಿಮುದ್ರಿಸಿ ಸಂಗ್ರಹಿಸುವ ಕಾರ್ಯ ತಾಲ್ಲೂಕುವಾರು ಆರಂಭವಾಗಬೇಕಾಗಿದೆ.